ಮೈಗೆ ಕೂದಲಿಲ್ಲದ ಹುಳ

“ಎಲ್ಲಾ ಹುಳಕ್ಕೂ ದೇವ್ರು ಏನಾರ ಒಂದು ಕೊಟ್ಟಾನ್ರಿ ಅವ್ವಾರ. ನುಗ್ಗಿಗಿಡದಾಗಿನ ಕಂಬಳಿ ಹುಳ ನೋಡ್ರಿ, ಮೈತುಂಬ ಕೂದ್ಲ. ಮುಟ್ಟಿದ್ರ ಕೈ ಬಾತು ತುರಿಕಿ ಏಳತೈತಿ. ಕಾಗಿ ಸೈತ ಬಾಯಿ ಹಾಕಂಗಿಲ್ಲ. ಕರಿಬೇವಿನ ಗಿಡದಾಗ ಇರ್ತೈತಲ್ರಿ, ಅದು ಸಣ್ಣದಿದ್ದಾಗ ಹಕ್ಕಿ ಹಿಕ್ಕಿ ಹಾಕಿದಂಗ ಕಾಣ್ತೈತಿ. ಹಿಕ್ಕಿ ಯಾರು ತಿಂತಾರ? ದೊಡ್ಡದಾಗಿ ಹಸರು ಬಣ್ಣ ಬಂದ ಮ್ಯಾಲ ಕಡ್ಡೀಲೆ ಚುಚ್ಚಿ ನೋಡ್ರಿ, ತಲಿಯಿಂದ ಕೆಂಪನ್ನ ಎರಡು ಕೊಂಬು ತಗೀತೈತಿ, ಗಬ್ಬು ನಾತ. ನಮ್ಮೂರ ಹತ್ತಿ ಕಾಯಾಗಿನ ಹುಳ ಕಾಯಿ ಕೊರದು ಒಳಗಾ ಕುಂದ್ರತೈತಿ, ಔಷಧ ಹೊಡದ್ರೂ ತಾಕಂಗಿಲ್ಲ. ಇನ್ನೊಂದು ಐತಿ, ಗಿಡ ಅಲಗಿಸಿದ್ರ ನೂಲು ಬಿಟ್ಕಂಡು ಕೆಳಗ ಜೋತು ಬೀಳತೈತಿ, ಆಮ್ಯಾಲ ಅದಾ ನೂಲು ಹಿಡ್ಕಂಡು ಮ್ಯಾಲ ಹತ್ತತೈತಿ. ಈ ರೇಷ್ಮಿ ಹುಳಕ್ಕ ಏನೂ ಇಲ್ರಿ. ಕೂದ್ಲಿಲ್ಲ, ನಾತಿಲ್ಲ, ವಿಷ ಇಲ್ಲ. ಬಾಲದಾಗ ಒಂದು ಮುಳ್ಳಿನಂಗ ಇರ್ತೈತಿ, ಮುಟ್ಟಿದ್ರ ಮೆತ್ತಗ, ಸುಳ್ಳು ಮುಳ್ಳು. ಸೊಪ್ಪು ಒಂದು ಗೇಣು ಆಚಿಗಿಟ್ರ ಹೋಗಿ ತಿನ್ನಾಕ ಬರಂಗಿಲ್ಲ, ಅಲ್ಲೇ ಉಪಾಸ ಬೀಳತೈತಿ. ಇರಿವಿ ಬಂದು ಕಚ್ಚಿದ್ರ ಸುಮ್ನ ಮಕ್ಕಂಡಿರ್ತೈತಿ. ನೊಣ ಬಂದು ಮೈಮ್ಯಾಲ ತತ್ತಿ ಇಟ್ರ ಕೊಡವಾಕ ಗೊತ್ತಿಲ್ಲ. ಅದಕ್ಕ ನಾವಾ ಕೂದ್ಲ, ನಾವಾ ಕೊಂಬು. ನಾವು ಬಿಟ್ರ ಅದು ಒಂದಿನ ಬದುಕಂಗಿಲ್ಲ.”

ಅಯ್ಯಮ್ಮ ಇಷ್ಟನ್ನು ಹೇಳಿದ್ದು ನಮ್ಮ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು. ಹೊಸ ತಿಪ್ಪಸಂದ್ರದಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಅವಳು ಪಾತ್ರೆ ತಿಕ್ಕಲು, ಕಾಯಿಪಲ್ಯ ಹೆಚ್ಚಿಕೊಡಲು ಬರುತ್ತಿದ್ದಳು. ಆ ಮಳೆಗಾಲ ಪಕ್ಕದ ಮನೆಯ ನುಗ್ಗೆಮರದ ಬೊಡ್ಡೆಗೆ ಕಂಬಳಿ ಹುಳ ಗುಂಪುಗುಂಪಾಗಿ ಹತ್ತಿದ್ದವು. ಆ ಮನೆಯವರು ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಬೆಂಕಿ ಹಚ್ಚಿ ಬೊಡ್ಡೆಗೆ ಹಿಡಿದಿದ್ದರು. ಹುಳಗಳು ಚಟಪಟ ಸುಟ್ಟು ಉದುರುತ್ತಿದ್ದವು. ಕೈಯಲ್ಲಿ ಸೋಪಿನ ನೊರೆ ಹಿಡಿದುಕೊಂಡೇ ಅವಳು ನೋಡುತ್ತ ನಿಂತಳು. ಆಮೇಲೆ ಕೂತಳು. ಎರಡು ವರ್ಷದಲ್ಲಿ ‘ಹೂಂ’, ‘ಇಲ್ರಿ’, ‘ನಾಳಿ ಬರ್ತೀನ್ರಿ’ ಬಿಟ್ಟರೆ ಅವಳ ಬಾಯಿಂದ ಬಂದ ಮೊದಲ ಮಾತು ಇದು. ಆ ಮೇಲಿನ ತಿಂಗಳುಗಳಲ್ಲಿ ಅವಳು ಬಿಟ್ಟು ಬಿಟ್ಟು ಹೇಳಿದ್ದನ್ನೆಲ್ಲ ನಾನು ಜೋಡಿಸಿ ಇಲ್ಲಿ ಬರೆದಿದ್ದೇನೆ.

ಅವಳ ಊರು ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆ. ಅಪ್ಪ ಪರರ ಹೊಲದಲ್ಲಿ ಎತ್ತು ಹೂಡುತ್ತಿದ್ದ. ಹತ್ತಿ ಬಿಡಿಸುವುದು, ಹತ್ತಿಯ ಹುಳ ಆರಿಸಿ ಕಾಲಿನಿಂದ ಹೊಸಕುವುದು, ಇವೇ ಅವಳ ಬಾಲ್ಯದ ಕೆಲಸ. ಹುಲಿಗೆಪ್ಪನನ್ನು ಮದುವೆಯಾಗಿ, ಮೇಸ್ತ್ರಿಯೊಬ್ಬನ ಗುಂಪಿನ ಜೊತೆ ತೊಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಿಗೆ ಬಂದಳು. ಇಂದಿರಾನಗರದಲ್ಲಿ ಯಾರದೋ ಮೂರು ಅಂತಸ್ತಿನ ಮನೆ ಏಳುತ್ತಿತ್ತು. ಅವನು ಗಾರೆ ಕಲಸುತ್ತಿದ್ದ, ಅವಳು ಇಟ್ಟಿಗೆ ಹೊರುತ್ತಿದ್ದಳು. ಅವರ ಒಬ್ಬನೇ ಮಗ ಈರೇಶ ಮರಳಿನ ಗುಡ್ಡೆಯ ನೆರಳಲ್ಲಿ ಆಡುತ್ತಿದ್ದ. ಒಂದು ಮಳೆಗಾಲ ಅವನಿಗೆ ಜ್ವರ ಬಂತು. ಮೈ ಸುಡುತ್ತಿದ್ದ ಮಗುವನ್ನು ಒದ್ದೆ ಗೋಣಿಯ ಪಕ್ಕ ಮಲಗಿಸಿ ಇವಳು ಮಧ್ಯಾಹ್ನದವರೆಗೆ ಇಟ್ಟಿಗೆ ಹೊತ್ತಳು. ಊಟಕ್ಕೆ ಬಿಟ್ಟಾಗ ಎತ್ತಿಕೊಂಡು ಗಂಡಹೆಂಡಿರು ಆಸ್ಪತ್ರೆಗೆಂದು ಶಿವಾಜಿನಗರದ ಬಸ್ಸು ಹತ್ತಿದರು. ಇಳಿಯುವಷ್ಟರಲ್ಲಿ ಮಗು ತಣ್ಣಗಾಗಿತ್ತು.

ಆಮೇಲೆ ಅವಳಿಂದ ಇಟ್ಟಿಗೆ ಹೊರಲು ಆಗಲಿಲ್ಲ. ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಮೆಟ್ಟಿಲ ನಡುವೆ ನಿಂತುಬಿಡುತ್ತಿದ್ದಳು. ಹಿಂದಿನವರು ಬೈದರೂ ಕೇಳಿಸುತ್ತಿರಲಿಲ್ಲ. ಮೇಸ್ತ್ರಿ, “ಇವಳನ್ನ ಊರಿಗೆ ಕಳಿಸು, ಇಲ್ಲಾಂದ್ರೆ ಯಾರ ತಲೆ ಮೇಲಾದ್ರೂ ಬುಟ್ಟಿ ಬಿಟ್ಟಾಳು” ಎಂದ. ಊರಿನಲ್ಲಿ ಅಪ್ಪ ತೀರಿಕೊಂಡಿದ್ದ, ಕಳಿಸುವುದೆಲ್ಲಿಗೆ.

ಹುಲಿಗೆಪ್ಪನಿಗೆ ಆಗ ಕೃಷ್ಣರಾಜಪುರ ದಾಟಿ, ಹಳೆ ಮದ್ರಾಸು ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯಲ್ಲಿ ಕಾಂಪೌಂಡು ಕಟ್ಟುವ ಕೆಲಸ ಸಿಕ್ಕಿತು. ತೋಟದ ಯಜಮಾನ ಮುನಿಆಂಜನಪ್ಪ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಿದ್ದ. ಹುಳ ನೋಡಿಕೊಳ್ಳುತ್ತಿದ್ದವಳು ಅವನ ತಾಯಿ ಪಟಾಲಮ್ಮ. ಮುದುಕಿಗೆ ಮಂಡಿನೋವು, ಹುಳ ಸಾಕುವ ತಟ್ಟೆಗಳಲ್ಲಿ ಮೇಲಿನ ಸಾಲಿನದಕ್ಕೆ ಕೈ ಎಟುಕುತ್ತಿರಲಿಲ್ಲ. ಅಯ್ಯಮ್ಮ ಎತ್ತರದ ಹೆಂಗಸು. ಹುಳದ ಮನೆಯ ಹಿಂದೆ, ಸೊಪ್ಪಿನ ಕಡ್ಡಿ ಹಾಕುತ್ತಿದ್ದ ಶೀಟಿನ ಕೋಣೆಯನ್ನು ಗುಡಿಸಿ ಗಂಡಹೆಂಡಿರಿಗೆ ಬಿಟ್ಟುಕೊಟ್ಟರು. ಹುಳ ಇರುವವರೆಗೆ ಕೋಣೆ, ಅಷ್ಟೇ ಕರಾರು.

ಮೊದಲ ದಿನ ಪಟಾಲಮ್ಮ ಬಾಗಿಲಲ್ಲೇ ತಡೆದು ನಿಲ್ಲಿಸಿದಳಂತೆ.

“ಏನಮ್ಮಿ, ಚಪ್ಲಿ ಆಚೆ ಬಿಡು. ಕೈಕಾಲು ತೊಳ್ಕೊ. ಹೂವ ಮುಡ್ಕೊಂಡು ಬರ್ಬ್ಯಾಡ. ಮುಟ್ಟಾದಾಗ ಬರ್ಬ್ಯಾಡ. ಊದಿನಕಡ್ಡಿ ಹಚ್ಬ್ಯಾಡ. ಹೊಗೆಸೊಪ್ಪು ಬಾಯಾಗಿಟ್ಕೊಂಡು ಬರ್ಬ್ಯಾಡ. ಇಷ್ಟೊಂದು ಹುಳ ಐತೆ ಅಂತ ಹೊರಗೆ ಯಾರ್ಗೂ ಬಾಯ್ಬಿಡ್ಬ್ಯಾಡ, ಕಣ್ಣಾಗ್ತದೆ. ತಿಳೀತಾ?”

“ತಿಳೀತ್ರಿ ಯವ್ವ. ಗುಡಿ ಇದ್ದಂಗ ಐತಿ ಬಿಡ್ರಿ.”

“ನಿನ್ ಮಾತು ನಂಗೆ ಅರ್ಧ ಅರ್ಥಾಗಕ್ಕಿಲ್ಲ. ಹೋಗ್ಲಿ, ನನ್ ಹುಳಕ್ಕೆ ಅರ್ಥಾದ್ರೆ ಸಾಕು.”

ಯಾವುದು ಯಾತಕ್ಕೆ ಎಂದು ಮುದುಕಿ ಹೇಳಲಿಲ್ಲ, ಅವಳ ಅತ್ತೆಯೂ ಅವಳಿಗೆ ಹೇಳಿರಲಿಲ್ಲ. ಗುಡಿಯ ಮಡಿಯ ಹಾಗೆ ಇದೂ ಒಂದು ಮಡಿ ಎಂದು ಅಯ್ಯಮ್ಮ ತಿಳಿದಳು. ಹುಲಿಗೆಪ್ಪನಿಗೆ ತಂಬಾಕಿನ ಚಟವಿತ್ತು, ಊರಿನಿಂದ ಯಾರಾದರೂ ಬಂದರೆ ಕಡ್ಡಿ ತಂಬಾಕು ತರಿಸಿಕೊಳ್ಳುತ್ತಿದ್ದ. ಅವನನ್ನು ಅವಳು ಹುಳದ ಮನೆಯ ನೆರಳಿಗೂ ಬಿಟ್ಟುಕೊಳ್ಳಲಿಲ್ಲ.

ಕೆಲಸ ಕೈಹಿಡಿಯಿತು. ಸಾಸಿವೆಗಿಂತ ಸಣ್ಣ ಹುಳಕ್ಕೆ ಎಳೆ ಸೊಪ್ಪನ್ನು ಅಕ್ಕಿಯಷ್ಟು ಹೆಚ್ಚಿ ಉದುರಿಸುವುದು. ಹಿಕ್ಕೆ ತೆಗೆಯುವುದು. ತಟ್ಟೆಯ ಚೌಕಟ್ಟಿನ ನಾಲ್ಕು ಕಾಲಿಗೂ ನೀರಿನ ಬಟ್ಟಲಿಟ್ಟು ಇರುವೆ ಹತ್ತದಂತೆ ಕಾಯುವುದು, ಬಟ್ಟಲಲ್ಲಿ ಒಣ ಎಲೆ ಬಿದ್ದು ಸೇತುವೆಯಾದರೆ ತೆಗೆಯುವುದು. ಹಲ್ಲಿ ಓಡಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ ಬಾಗಿಲಿನ, ಕಿಟಕಿಯ ಪರದೆ. ಊಜಿ ನೊಣ ಬರುವುದು ಅಲ್ಲಿಂದ. ಮನೆಯ ನೊಣಕ್ಕಿಂತ ದಪ್ಪ, ಬೆನ್ನಿಗೆ ಪಟ್ಟೆ. ಒಂದು ಹೊಕ್ಕರೆ ಹುಳದಿಂದ ಹುಳಕ್ಕೆ ಕೂತು ಒಂದೊಂದರ ಮೈಮೇಲೂ ಸೂಜಿಮೊನೆಯಷ್ಟು ಬಿಳಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಮರಿ ಹುಳದ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೋದ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಹುಳ ಸೊಪ್ಪು ತಿನ್ನುತ್ತಲೇ ಇರುತ್ತದೆ, ಒಳಗಿನದು ಹುಳವನ್ನು ತಿನ್ನುತ್ತಿರುತ್ತದೆ.

ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಮರಗಟ್ಟಿ ಕೂರುತ್ತದೆ. ಆ ಕಡೆಯವರು ಅದಕ್ಕೆ ಜ್ವರ ಎನ್ನುತ್ತಾರೆ. ಮೊದಲ ಸಲ ಅಯ್ಯಮ್ಮ ನೋಡಿದಾಗ, ಪಟಾಲಮ್ಮ ಸಹಜವಾಗಿ “ಜ್ವರಕ್ಕೆ ಕೂತವೆ, ಸೊಪ್ಪು ಹಾಕ್ಬ್ಯಾಡ” ಎಂದಳು. ಅಯ್ಯಮ್ಮ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಗೋಡೆಗೆ ಒರಗಿ ಕೂತುಬಿಟ್ಟಳು.

“ಯಾಕಮ್ಮಿ?”

“ಎಲ್ಲಾವಕ್ಕೂ ಬಂದೈತೇನ್ರಿ ಜ್ವರ?”

ಮುದುಕಿಗೆ ಈರೇಶನ ಸಂಗತಿ ಗೊತ್ತಿತ್ತು. “ಇದು ಏಳೋ ಜ್ವರ ಕಣೆ. ನಾಳೆ ನೋಡು, ಹಳೇ ಅಂಗಿ ಬಿಚ್ಚಿಟ್ಟು ಹಸ್ಕೊಂಡು ಏಳ್ತವೆ” ಎಂದಳು. ಮರುದಿನ ಎದ್ದವು. ಅಯ್ಯಮ್ಮ ತಟ್ಟೆಯ ಮುಂದೆ ಕೂತು ನೋಡಿದಳು. ಮಗ ಸತ್ತ ಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಅಂದೇ ಎಂದು ಹುಲಿಗೆಪ್ಪ ಹೇಳುತ್ತಾನಂತೆ.

ಹೀಗೆ ಒಂದೆರಡು ವರ್ಷ ಕಳೆಯಿತು. ಅಷ್ಟರಲ್ಲಿ ಸುತ್ತಲಿನ ತೋಟಗಳಲ್ಲಿ ಸೈಟಿನ ಕಲ್ಲು ನಿಲ್ಲತೊಡಗಿದ್ದವು. ಮುನಿಆಂಜನಪ್ಪನ ತಮ್ಮ ದಿನಾ ಅಣ್ಣನ ತಲೆ ತಿನ್ನುತ್ತಿದ್ದ. “ಹುಳ ಮೇಯಿಸ್ಕೊಂಡು ಇನ್ನೆಷ್ಟು ದಿನ ಇರ್ತೀಯ ಅಣ್ಣೋ, ಜನ ನಮ್ಮನ್ನೇ ಹುಳ ಅಂತಾವ್ರೆ.” ಒಂದು ಬೆಳೆ ಊಜಿ ಬಿದ್ದು ಹಾಳಾಯಿತು, ಗೂಡುಗಳೆಲ್ಲ ತೂತು. ಮುನಿಆಂಜನಪ್ಪ ಹೊಸ ಮೊಟ್ಟೆ ತಂದಾಗ ಎಲ್ಲರೆದುರು ಹೇಳಿದ, “ಇದೊಂದು ಬೆಳೆ ನೋಡಾನ. ಚೆನ್ನಾಗಾದ್ರೆ ತೋಟ ಇರ್ಲಿ. ಈ ಸಲಾನೂ ಊಜಿ ತಿಂದ್ರೆ ಕಿತ್ತಾಕದೇ.”

ಆ ಮಾತು ಕೇಳಿದ ಮೇಲೆ ಅಯ್ಯಮ್ಮ ಹುಳದ ಮನೆಯ ಬಾಗಿಲಲ್ಲೇ ಮಲಗತೊಡಗಿದಳು. ಕೋಣೆ ಹೋಗುತ್ತದೆಂಬ ಭಯ ಒಂದು. ಅದಕ್ಕಿಂತ ದೊಡ್ಡದು, ಮತ್ತೆ ಇಟ್ಟಿಗೆ ಹೊರಬೇಕಾಗುತ್ತದೆಂಬುದು. ಪರದೆಯ ಅಂಚಿಗೆ ಇಟ್ಟಿಗೆ ಹೇರಿ, ಹರಿದಲ್ಲಿ ತನ್ನ ಹಳೆ ಸೀರೆಯ ತುಂಡು ಹೊಲಿದಳು. ಹುಳ ಚೆನ್ನಾಗಿ ಬಂತು. ನಾಲ್ಕನೆಯ ಜ್ವರ ಕಳೆದು ಬೆರಳುದ್ದ ಬೆಳೆದು, ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದು. “ನಿನ್ ಕೈಗುಣ ಕಣಮ್ಮಿ” ಎಂದಳು ಪಟಾಲಮ್ಮ.

ಹಲಸೂರಿನಲ್ಲಿ ನೆಂಟರ ಮದುವೆ ಬಂತು. ಮನೆಯವರೆಲ್ಲ ಬೆಳಿಗ್ಗೆಯೇ ಹೊರಟರು. “ಸೊಪ್ಪು ಹಾಕು, ಪರದೆ ನೋಡ್ಕೊ. ಸಾಯಂಕಾಲಕ್ಕೆ ಬತ್ತೀವಿ” ಎಂದು ಮುದುಕಿ ರೇಷ್ಮೆ ಸೀರೆ ಉಟ್ಟು ವ್ಯಾನು ಹತ್ತಿದಳು.

ಹೊತ್ತೇರಿದ ಮೇಲೆ ಸೊಪ್ಪು ಹಾಕುವಾಗ ಅಯ್ಯಮ್ಮನ ಕಣ್ಣಿಗೆ ಒಂದು ಕಪ್ಪು ಚುಕ್ಕೆ ಬಿತ್ತು. ಪಕ್ಕದ ಹುಳದ ಮೇಲೂ ಒಂದು. ಕೆಳಗಿನ ತಟ್ಟೆಯಲ್ಲಿ ಮೂರ್ನಾಲ್ಕು. ಪ್ರತಿ ತಟ್ಟೆಯಲ್ಲೂ ಅಷ್ಟಿಷ್ಟು. ಕಿಟಕಿಯ ಮೇಲ್ಮೂಲೆಯಲ್ಲಿ ಇಲಿ ಕಡಿದ ತೂತು ಆಗ ಕಂಡಿತು. ಕೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಒಳಗೆ ಹೊಕ್ಕ ಮರಿ ಹುಳವನ್ನು ತಿನ್ನುತ್ತಿದೆ, ಇವಳು ನೋಡುತ್ತ ನಿಂತಿದ್ದಾಳೆ.

ನೋಡುತ್ತ ನಿಂತಾಗ ಅವಳಿಗೆ ಅಪ್ಪನ ಎತ್ತು ನೆನಪಾಯಿತು. ನೊಗ ಉಜ್ಜಿ ಹೆಗಲಿಗೆ ಗಾಯವಾಗಿ, ನೊಣ ಕೂತು, ಗಾಯದ ತುಂಬ ಹುಳ ಬಿದ್ದಿದ್ದವು. ಅಪ್ಪ ತಂಬಾಕು ನೆನೆಸಿ ಹಿಂಡಿ ಆ ರಸವನ್ನು ಗಾಯಕ್ಕೆ ಬಿಟ್ಟಿದ್ದ. ಹುಳ ಒಂದೊಂದೇ ಹೊರಗೆ ಬಂದು ಉದುರಿ ಸತ್ತವು. ಎತ್ತು ಬದುಕಿತು, ಮುಂದೆ ಎಷ್ಟೋ ವರ್ಷ ಹೊಲ ಉತ್ತಿತು. ಅವಳ ಊರಿನಲ್ಲಿ ಎಲ್ಲರೂ ಮಾಡುವ ಮದ್ದು ಅದು. ನೊಣದ ಮರಿ ಎತ್ತಿನ ಮೈಯಲ್ಲಿ ಸತ್ತರೆ ರೇಷ್ಮೆ ಹುಳದ ಮೈಯಲ್ಲೂ ಸಾಯಬೇಕಲ್ಲ. ಬಾಯಲ್ಲಿಟ್ಟುಕೊಂಡು ಬರಬೇಡ ಎಂದಿದ್ದರು ನಿಜ. ಅದು ಎಂಜಲಿನ ಮಾತು, ಇದು ಔಷಧದ ಮಾತು. ಹಾಗಂತ ಅವಳು ಅಂದುಕೊಂಡಳು.

ತಮ್ಮ ಕೋಣೆಯ ಗೋಡೆಗೂಡಿನಲ್ಲಿದ್ದ ಗಂಡನ ತಂಬಾಕು ತಂದು ಬಿಸಿನೀರಿಗೆ ಹಾಕಿ, ಕಿವುಚಿ, ಆರಿಸಿ, ಸೆರಗಿನಲ್ಲಿ ಸೋಸಿದಳು. ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಒಳಗೆ ಬಂದಳು. ಬೇವಿನ ಸೊಪ್ಪಿನ ಟೊಂಗೆ ಅದ್ದಿ ತಟ್ಟೆತಟ್ಟೆಗೂ ಚಿಮುಕಿಸಿದಳು. ಚುಕ್ಕೆ ಇಲ್ಲದವಕ್ಕೂ ಹಾಕಿದಳು, ಒಂದಕ್ಕೆ ಮದ್ದು ಹಾಕಿ ಇನ್ನೊಂದನ್ನು ಬಿಡುವುದು ಹೇಗೆಂದು.

ಸ್ವಲ್ಪ ಹೊತ್ತಿಗೆ ಹುಳಗಳು ಮೇವು ಬಿಟ್ಟವು. ತಲೆಯೆತ್ತಿದವು. ಎತ್ತಿದ ತಲೆಯನ್ನು ಆ ಕಡೆ ಈ ಕಡೆ ತೂಗಿದವು. ಹುಳ ಹಣ್ಣಾಗಿ ಗೂಡು ಕಟ್ಟಲು ಹೊರಟಾಗಲೂ ಹೀಗೆಯೇ ತಲೆಯೆತ್ತಿ ಜಾಗ ಹುಡುಕುತ್ತದೆ. ಅದನ್ನು ಅವಳು ನೋಡಿ ಬಲ್ಲಳು. ಇನ್ನೂ ಕೆಲವು ದಿನ ಬೇಕಿತ್ತು ನಿಜ, ಆದರೆ ಔಷಧ ಬಿದ್ದದ್ದಕ್ಕೆ ಬೇಗ ಹಣ್ಣಾದವು ಎಂದು ನಂಬಿದಳು. ಅಟ್ಟದ ಮೇಲಿದ್ದ ಚಂದ್ರಿಕೆಗಳನ್ನು, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ಸುರುಳಿ ತಟ್ಟೆಗಳನ್ನು, ಒಂದೊಂದಾಗಿ ಇಳಿಸಿ ದೂಳು ಒರೆಸಿದಳು. ಹುಳಗಳನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಅದರಲ್ಲಿ ಬಿಡುತ್ತ ಕೂತಳು.

ವ್ಯಾನು ಬಂತು. ಪಟಾಲಮ್ಮ ಮದುವೆಯ ತಾಂಬೂಲದ ಚೀಲ ಹಿಡಿದೇ ಬಾಗಿಲಿಗೆ ಬಂದಳು. ಅಯ್ಯಮ್ಮ ನಗುತ್ತ ಎದ್ದಳು.

“ಊಜಿ ಬಿದ್ದಿತ್ತ್ರಿ ಯವ್ವ. ಔಷಧ ಹಾಕೀನಿ. ನೋಡ್ರಿ, ಎಲ್ಲಾ ಹಣ್ಣಾಗ್ಯಾವ.”

ಮುದುಕಿ ಹೊಸ್ತಿಲಲ್ಲೇ ನಿಂತಳು. ಮೂಗು ಅರಳಿಸಿದಳು. ಕೈಯಲ್ಲಿದ್ದ ಚೀಲ ಬಿತ್ತು.

“ಯಾವ ಔಷಧಿನೇ?”

“ತಂಬಾಕಿನ ನೀರ್ರಿ. ನಮ್ಮಪ್ಪ ಎತ್ತಿಗೆ...”

ಪಟಾಲಮ್ಮ ತಟ್ಟೆಯ ಹತ್ತಿರ ಹೋಗಿ ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡಳು. ಹುಳ ಬಾಯಿಂದ ಕಂದು ನೀರು ಕಾರಿತು. ಅಂಗೈಯಲ್ಲೇ ಕುಗ್ಗಿ ಗಿಡ್ಡವಾಯಿತು. ಚಂದ್ರಿಕೆಗೆ ಬಿಟ್ಟವು ಒಂದೊಂದಾಗಿ ಕಳಚಿ ಬೀಳತೊಡಗಿದವು. ಮುದುಕಿ ಬೈಯಲಿಲ್ಲ. ರೇಷ್ಮೆ ಸೀರೆಯಲ್ಲೇ ಹಿಕ್ಕೆಯ ರಾಶಿಯ ಪಕ್ಕ ಕೂತು ಮೆಲ್ಲಗೆ ಹೇಳಿದಳು.

“ತಟ್ಟೆಗೆ ಹತ್ತೋ ಇಪ್ಪತ್ತೋ ಹೋಗ್ತಿದ್ವು ಕಣೆ. ಮಿಕ್ಕಿದ್ದೆಲ್ಲ ಗೂಡು ಕಟ್ತಿದ್ವು.”

ಮರುದಿನ ತಟ್ಟೆಗಳನ್ನೆಲ್ಲ ಹೊತ್ತು ತೋಟದ ಮೂಲೆಯ ಗುಂಡಿಗೆ ಸುರಿದರು. ಹೊತ್ತವಳು ಅಯ್ಯಮ್ಮನೇ. ಬೇಡ ಎಂದು ಯಾರೂ ಹೇಳಲಿಲ್ಲ, ಹೊರು ಎಂದೂ ಹೇಳಲಿಲ್ಲ. ಸುಣ್ಣ ತರುವಷ್ಟರಲ್ಲಿ ಇರುವೆ ಸಾಲುಗಟ್ಟಿತ್ತು. ಕಾಗೆ, ಗೊರವಂಕ ಬೇಲಿ ಮೇಲೆ ಬಂದು ಕೂತಿದ್ದವು. ಅವಳು ಅಲ್ಲಿ ನಿಂತು ಕೈ ಬೀಸಿ ಬೀಸಿ ಓಡಿಸಿದಳಂತೆ. ಸತ್ತ ಹುಳಕ್ಕೆ ಕಾವಲು ಯಾಕೆ ಎಂದು ಮುನಿಆಂಜನಪ್ಪನ ತಮ್ಮ ನಕ್ಕ. ಮುನಿಆಂಜನಪ್ಪ ಅವನನ್ನು ಸುಮ್ಮನಿರಿಸಿ, ಹುಲಿಗೆಪ್ಪನನ್ನು ಪಕ್ಕಕ್ಕೆ ಕರೆದು, “ಬ್ಯಾರೆ ಕಡೆ ನೋಡ್ಕಳ್ರಪ್ಪ” ಎಂದ.

ಹುಲಿಗೆಪ್ಪ ಕೋಣೆಗೆ ಬಂದು ಗೂಡಿನಲ್ಲಿ ಉಳಿದಿದ್ದ ತಂಬಾಕನ್ನು ಒಲೆಗೆ ಹಾಕಿದ. ತಾನು ಹುಡುಗನಿದ್ದಾಗಿನಿಂದ ಇದ್ದ ಚಟ, ಆಮೇಲೆ ಬಾಯಿಗೆ ಹಾಕಲಿಲ್ಲ. ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. “ಅಂದಿದ್ರ ಚಲೋ ಇತ್ತ್ರಿ” ಎನ್ನುತ್ತಾಳೆ ಅಯ್ಯಮ್ಮ. “ಎರಡು ಏಟಾರ ಹೊಡದಿದ್ರ ಆಗಿತ್ತು.”

ಕಗ್ಗದಾಸಪುರದಲ್ಲಿ ಸಾಲು ಕೋಣೆಗಳ ಪೈಕಿ ಒಂದು ಬಾಡಿಗೆಗೆ ಸಿಕ್ಕಿತು. ಮತ್ತೆ ಇಟ್ಟಿಗೆ ಹೊತ್ತಳು. ಸೊಂಟ ಹೋಯಿತು. ಹುಲಿಗೆಪ್ಪನಿಗೆ ಸಿಮೆಂಟಿನ ದೂಳು ಎದೆಗಿಳಿದು ಈಗ ನಾಲ್ಕು ಹೆಜ್ಜೆ ನಡೆದರೆ ಕೆಮ್ಮು. ಅವನು ಕೋಣೆಯ ಬಾಗಿಲಲ್ಲಿ ಕೂತಿರುತ್ತಾನೆ, ಇವಳು ಮನೆಮನೆಗೆ ಹೋಗುತ್ತಾಳೆ. ಮತ್ತೆ ಮಕ್ಕಳಾಗಲಿಲ್ಲ. ನಮ್ಮ ಮನೆಯಲ್ಲಿ ಒಮ್ಮೆ ನನ್ನ ಮೊಮ್ಮಗಳಿಗೆ ಜ್ವರ ಬಂದಾಗ ಅವಳು ಎರಡು ದಿನ ಒಳಗೆ ಕಾಲಿಡದೆ ಹಿಂದಿನಿಂದಲೇ ಪಾತ್ರೆ ತೊಳೆದು ಹೋದಳು. ಯಾಕೆಂದು ಕೇಳಿದರೆ, “ನನ್ ಕೈ ಬ್ಯಾಡ್ರಿ” ಎಂದಳು.

ಕೆಲವು ವರ್ಷಗಳ ಮೇಲೆ ಕೃಷ್ಣರಾಜಪುರದ ಸಂತೆಯಲ್ಲಿ ಪಟಾಲಮ್ಮ ಎದುರಾದಳಂತೆ. ಅಯ್ಯಮ್ಮ ತಪ್ಪಿಸಿಕೊಂಡು ಹೋಗಲು ನೋಡಿದಳು. ಮುದುಕಿಯೇ ಕೋಲೂರಿಕೊಂಡು ಬಂದು ಸೆರಗು ಹಿಡಿದಳು.

“ಬಾಯಿಲ್ಲಿ ಅಮ್ಮಿ, ಓಡ್ಬ್ಯಾಡ, ನಂಗೆ ಮಂಡಿನೋವು. ಒಂದ್ ಮಾತು ಕೇಳು. ಆವತ್ತು ಹಲಸೂರಿನ ಮದುವೇಲೇ ನನ್ ಮಕ್ಳು ಸೈಟಿನವರ ಜೊತೆ ಮಾತು ಮುಗಿಸ್ಬಿಟ್ಟಿದ್ರು. ನಂಗೂ ಆಮೇಲೆ ಗೊತ್ತಾಗಿದ್ದು. ನೀನು ಔಷಧಿ ಹಾಕ್ದಿದ್ರೂ ತೋಟ ಹೋಗ್ತಿತ್ತು. ಅದನ್ನೇ ಹಚ್ಕೊಂಡು ಕೊರಗ್ಬ್ಯಾಡ.”

“ನೀ ಏನಂದಿ?” ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು.

“ಹೂಂ ಅಂದೆ. ಅಕಿ ಪಾಪ ಸಮಾಧಾನ ಮಾಡಾಕ ಬಂದಿದ್ಲು. ತ್ವಾಟ ಹೋಗ್ತಿತ್ತೇನೋ, ಹುಳಾ ಸಾಯ್ತಿದ್ದಿಲ್ಲಲ್ರಿ.”

ನಾನು ತಡೆಯಲಾರದೆ ಅಂದೆ, “ಹೆಂಗಿದ್ರೂ ಗೂಡು ಕಟ್ಟಿದ ಮ್ಯಾಲ ಕುದಿಯೋ ನೀರಿಗೆ ಹಾಕ್ತಾರಲ್ಲ ಅಯ್ಯಮ್ಮ, ಬದುಕಿಸ್ತಾರೇನು?”



“ಗೂಡು ಕಟ್ಟಿ ಸಾಯ್ತಾವ್ರಿ. ತನ್ ಕೆಲ್ಸ ತಾ ಮುಗಿಸಿ, ಬಾಗ್ಲ ಹಾಕ್ಕಂಡು ಮಕ್ಕಂಡು ಸಾಯ್ತಾವ. ಇವು ನನ್ ಕೈಯಾಗ ತಲಿ ಎತ್ತಿ ನೋಡ್ತಿದ್ವು. ಗೂಡು ಕಟ್ಟಾಕ ಜಾಗ ಕೇಳ್ತಾವ ಅಂದ್ಕಂಡೆ ನಾನು.”

ಪಕ್ಕದ ಮನೆಯವರ ಬೆಂಕಿ ಆರಿ ಎಷ್ಟೋ ತಿಂಗಳಾಗಿತ್ತು. ನುಗ್ಗೆಮರದ ಬೊಡ್ಡೆಯ ಕಪ್ಪು ಮಾತ್ರ ಹಾಗೇ ಇತ್ತು. ಆ ವರ್ಷವೂ ಕಂಬಳಿ ಹುಳ ಬಂದಿದ್ದವು.

ಒಳಗಿನಿಂದ ನಮ್ಮ ಸೊಸೆ ಪ್ರತಿಭಾ ಕೂಗಿದಳು, “ಅಯ್ಯಮ್ಮ, ಹೂಕೋಸು ಅಲ್ಲೇ ಇಟ್ಟೀನಿ ನೋಡು, ಸಂಜೀಕ ಪಲ್ಯಕ್ಕ ಬೇಕು.”

“ಹೂಂ ರೀ” ಎಂದು ಅಯ್ಯಮ್ಮ ಎದ್ದಳು. ದೊಡ್ಡ ಬೋಗುಣಿಗೆ ಬಿಸಿನೀರು ಹಾಕಿ, ಉಪ್ಪು ಅರಿಶಿನ ಕದಡಿ, ಹೂಕೋಸನ್ನು ಬಿಡಿಸಿ ಅದರಲ್ಲಿ ಮುಳುಗಿಸಿದಳು. ಸ್ವಲ್ಪ ಹೊತ್ತಿಗೆ ಎರಡು ಮೂರು ಹಸಿರು ಹುಳ ಮೇಲೆ ತೇಲಿ ಬಂದವು. ಅವನ್ನು ಸೌಟಿನಿಂದ ಎತ್ತಿ ಮೋರಿಗೆ ಹಾಕಿದಳು. ನೀರು ಚೆಲ್ಲಿ ಬೇರೆ ನೀರು ತುಂಬಿಕೊಂಡು, ಈಳಿಗೆಮಣೆ ಎಳೆದುಕೊಂಡು ಹೆಚ್ಚತೊಡಗಿದಳು.